ಡೀಸೆಲ್ ಪಿಕಪ್ ಮಿಸ್ ಹೊಡೆಯುತ್ತಿದೆ, ನಾಲ್ಕೂ ಇಂಜೆಕ್ಟರ್ ಬದಲಿಸಬೇಕಾ?

ನಿಮ್ಮದು ಮೂಡಿಗೆರೆಯ ತೋಟದ ಗಾಡಿ, ನಾಲ್ಕು ಸಿಲಿಂಡರಿನ ಕಾಮನ್ ರೈಲ್ (ಒಂದೇ ಹೈ ಪ್ರೆಷರ್ ಪೈಪಿನಿಂದ ಎಲ್ಲ ಇಂಜೆಕ್ಟರಿಗೂ ಡೀಸೆಲ್ ಹೋಗುವ) ಡೀಸೆಲ್ ಪಿಕಪ್. ಲೋಡ್ ಹಾಕಿ ಚಾರ್ಮಾಡಿ ಹತ್ತುವಾಗ ಎಳೆಯುತ್ತಿಲ್ಲ, ಐಡ್ಲಿಂಗ್‌ನಲ್ಲಿ ನಡುಗುತ್ತದೆ, ಬೆಳಿಗ್ಗೆ ಬಿಳಿ ಹೊಗೆ. ಗ್ಯಾರೇಜಿನವರು, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಲ್ಕೂ ಇಂಜೆಕ್ಟರ್ ಹೊಸದು ಹಾಕಿಸಿ ಅಂದಿದ್ದಾರೆ. ದಯವಿಟ್ಟು ಈಗಲೇ ಹಾಕಿಸಬೇಡಿ. ಯಾವ ಸಿಲಿಂಡರ್ ಸತ್ತಿದೆ (ಸರಿಯಾಗಿ ಉರಿಯುತ್ತಿಲ್ಲ), ಯಾಕೆ ಸತ್ತಿದೆ ಅಂತ ಗೊತ್ತಾಗದೆ ಪಾರ್ಟ್ ಹಾಕಿಸುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಮೊದಲು ಡೀಸೆಲ್ ನೋಡಿ. ಮಲೆನಾಡಿನ ಮಳೆಗಾಲದಲ್ಲಿ, ಅದರಲ್ಲೂ ತೋಟದ ಬ್ಯಾರಲ್‌ನಿಂದ ಡೀಸೆಲ್ ಸುರಿಯುವ ಗಾಡಿಯಲ್ಲಿ, ನನ್ನ ಮೊದಲ ಅನುಮಾನ ನೀರಿನ ಮೇಲೆ. ಫಿಲ್ಟರ್ ಅಡಿಯ ಡ್ರೈನ್ ಸ್ಕ್ರೂ ಸಡಿಲಿಸಿ 200 ಮಿಲಿಯಷ್ಟನ್ನು ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಅಲ್ಲಾಡಿಸದೆ ಇಡಿ. ನೀರಿದ್ದರೆ ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ, ಮೇಲಿನ ಡೀಸೆಲ್ ಮಬ್ಬಾಗಿಯೂ ಇರಬಹುದು. ಹಾಗಿದ್ದರೆ ಟ್ಯಾಂಕ್ ಖಾಲಿ ಮಾಡಿಸಿ, ಹೊಸ ಫಿಲ್ಟರ್ ಹಾಕಿಸಿ, ಪ್ರೈಮರ್ (ಡೀಸೆಲ್ ತಳ್ಳುವ ಕೈಪಂಪು) ಗಟ್ಟಿಯಾಗುವವರೆಗೆ ಒತ್ತಿ ಏರ್ ತೆಗೆಯಿರಿ. ಇದನ್ನು ಬಿಟ್ಟು ಇಂಜೆಕ್ಟರ್ ಹಾಕಿದರೆ ನೀರು ಹೊಸದರ ಸೂಜಿಯನ್ನೂ ತುಕ್ಕು ಹಿಡಿಸುತ್ತದೆ.

ಆಮೇಲೆ ಸತ್ತ ಸಿಲಿಂಡರ್ ಹುಡುಕಿ. ಕೀ ಆಫ್ ಮಾಡಿ ಒಂದು ಇಂಜೆಕ್ಟರಿನ ಕಪ್ಲರ್ (ವೈರಿನ ಪ್ಲಗ್) ಕಳಚಿ, ಸ್ಟಾರ್ಟ್ ಮಾಡಿ ಐಡ್ಲಿಂಗ್ ಕೇಳಿ. ಮತ್ತೆ ಆಫ್ ಮಾಡಿ ಅದನ್ನು ಸಿಕ್ಕಿಸಿ, ಮುಂದಿನದು. ಒಳ್ಳೆಯ ಸಿಲಿಂಡರಿನದು ಕಳಚಿದರೆ ನಡುಕ ಜಾಸ್ತಿಯಾಗುತ್ತದೆ. ಯಾವುದನ್ನು ಕಳಚಿದಾಗ ಏನೂ ಬದಲಾಗಲಿಲ್ಲವೋ ಅದೇ ಸತ್ತದ್ದು. ಚೆಕ್ ಎಂಜಿನ್ ಲೈಟ್ ಹತ್ತುತ್ತದೆ, ಗಾಬರಿ ಬೇಡ, ಕೊನೆಗೆ ಸ್ಕ್ಯಾನರಿನಲ್ಲಿ ಅಳಿಸಿದರಾಯಿತು. ಹಳೇ ಪಂಪಿನ ಎಂಜಿನ್‌ಗಳಲ್ಲಿ ಮಾಡುತ್ತಿದ್ದಂತೆ ಪೈಪಿನ ನಟ್ ಸಡಿಲಿಸಿ ನೋಡಲು ಮಾತ್ರ ಯಾರಿಗೂ ಬಿಡಬೇಡಿ. ಕಾಮನ್ ರೈಲ್‌ನಲ್ಲಿ ಐಡ್ಲಿಂಗ್‌ನಲ್ಲೇ ನೂರಾರು ಬಾರ್ ಪ್ರೆಷರ್ ಇರುತ್ತದೆ, ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಸಿಲಿಂಡರ್ ಸಿಕ್ಕಿತು ಅಂದುಕೊಳ್ಳಿ. ಅದರ ವೈರ್ ಉದ್ದಕ್ಕೂ ಬೆರಳಾಡಿಸಿ. ತೋಟದ ಶೆಡ್ಡಿನಲ್ಲಿ ನಿಂತ ಗಾಡಿಯ ವೈರನ್ನು ಇಲಿ ಕಡಿದಿರುವುದು ಅಪರೂಪವಲ್ಲ. ಕಪ್ಲರ್ ಪಿನ್ ಹಸಿರುಗಟ್ಟಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ. ಇಂಜೆಕ್ಟರ್ ಬುಡದಲ್ಲಿ ಡಾಂಬರಿನಂಥ ಕಪ್ಪು ಗಟ್ಟಿ ಕೂತಿದ್ದು ‘ಚಫ್ ಚಫ್’ ಸದ್ದು ಬರುತ್ತಿದ್ದರೆ, ಅಡಿಯ ಕಾಪರ್ ವಾಷರ್ ಹೋಗಿ ಗ್ಯಾಸ್ ಹೊರಬರುತ್ತಿದೆ. ವಾಷರ್ ಬಹಳ ಅಗ್ಗ. ಆದರೆ ಸೀಟಿನ ಮಸಿ ಪೂರ್ತಿ ತೆಗೆಯದೆ ಹೊಸದು ಹಾಕಿದರೆ ಮತ್ತೆ ಲೀಕ್.

ಇವೆಲ್ಲ ಸರಿಯಿದ್ದರೆ ಸತ್ತ ಸಿಲಿಂಡರಿನ ಇಂಜೆಕ್ಟರನ್ನು ಪಕ್ಕದ್ದರ ಜೊತೆ ಅದಲು ಬದಲು ಮಾಡಿಸಿ. ಬಿಚ್ಚುವ ಮೊದಲು ಸುತ್ತಲಿನ ಧೂಳನ್ನು ಏರ್ ಹೊಡೆದು ತೆಗೆಯಲಿ, ವಾಷರ್ ಎರಡಕ್ಕೂ ಹೊಸದಿರಲಿ. ಮಿಸ್ಸಿಂಗ್ ಇಂಜೆಕ್ಟರಿನ ಜೊತೆಗೇ ಹೋದರೆ ತಪ್ಪು ಅದರದ್ದೇ. ಟೆಸ್ಟ್ ಬೆಂಚಿಗೆ (ಇಂಜೆಕ್ಟರ್ ಪರೀಕ್ಷಿಸುವ ಯಂತ್ರಕ್ಕೆ) ಅದೊಂದನ್ನು ಕಳಿಸಿ. ಕಳಿಸುವ ಮೊದಲೇ, ಉಳಿದ ಮೂರರ ಸ್ಥಿತಿ ತಿಳಿಯಲು ರಿಟರ್ನ್ ಪೈಪ್‌ಗಳನ್ನು (ಇಂಜೆಕ್ಟರಿನಿಂದ ಮಿಕ್ಕ ಡೀಸೆಲ್ ವಾಪಸ್ ಹೋಗುವವು) ನಾಲ್ಕು ಬಾಟಲಿಗೆ ಬಿಟ್ಟು ಎರಡು ನಿಮಿಷ ಐಡ್ಲಿಂಗ್‌ನಲ್ಲಿ ಇಡಿ. ಒಂದರಲ್ಲಿ ಮಾತ್ರ ದುಪ್ಪಟ್ಟು ತುಂಬಿದ್ದರೆ ಅದೂ ಸವೆದಿದೆ.

ಮಿಸ್ಸಿಂಗ್ ಅದೇ ಸಿಲಿಂಡರಿನಲ್ಲೇ ಉಳಿದರೆ ಕಂಪ್ರೆಷನ್ (ಪಿಸ್ಟನ್ ಗಾಳಿ ಒತ್ತಿದಾಗ ಬರುವ ಪ್ರೆಷರ್) ನೋಡಿಸಲೇಬೇಕು. ನಾಲ್ಕೂ ಹತ್ತಿರ ಹತ್ತಿರ ಇರಬೇಕು. ಮೂರು 25 ಬಾರ್ ತೋರಿಸಿ ಒಂದು 18 ತೋರಿಸಿದರೆ ಇಂಜೆಕ್ಟರ್ ಮರೆತುಬಿಡಿ. ಆ ಪಿಸ್ಟನ್ ಮೇಲೆ ತಂದು, ವಾಲ್ವ್ ಎರಡೂ ಮುಚ್ಚಿರುವಾಗ ಕಂಪ್ರೆಸರ್ ಗಾಳಿ ಬಿಟ್ಟು ಕಿವಿಗೊಡಲಿ. ಆಯಿಲ್ ಹಾಕುವ ಬಾಯಲ್ಲಿ ಸದ್ದು ಬಂದರೆ ರಿಂಗ್, ಏರ್ ಫಿಲ್ಟರ್ ಕಡೆ ಬಂದರೆ ಇನ್‌ಲೆಟ್ ವಾಲ್ವ್, ಸೈಲೆನ್ಸರ್‌ನಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವ್. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್.

ಇಂಜೆಕ್ಟರ್ ಬದಲಿಸಿದರೆ, ಅದರ ತಲೆಯ ಮೇಲೆ ಕೊರೆದ ಕೋಡನ್ನು ಸ್ಕ್ಯಾನರಿನಿಂದ ಇಸಿಯುಗೆ (ಎಂಜಿನ್ ಕಂಪ್ಯೂಟರಿಗೆ) ಹಾಕಿಸದೆ ಗಾಡಿ ತರಬೇಡಿ. ಕೋಡ್ ಹಾಕದಿದ್ದರೆ ಹೊಸ ಇಂಜೆಕ್ಟರಿನಲ್ಲೂ ಐಡ್ಲಿಂಗ್ ಕುಣಿಯಬಹುದು.