ಜಮಖಾನೆ ಹಾಸಿ ಆಡುವ ಮಾತು

ಡೊಂಬಿವಿಲಿಯ ಓದುಗರೊಬ್ಬರಿಗೆ ನಮ್ಮ ಮೇಲೆ ಸಿಟ್ಟು. ‘ಬೋಹ್ರಾ ಮುಸ್ಲಿಂ ಹುಡುಗಿಯರ ಖತ್ನಾ (ಜನನಾಂಗದ ಭಾಗ ಕತ್ತರಿಸುವ ಪದ್ಧತಿ) ತಡೆಯಲು ತಿಳಿವಳಿಕೆ, ಮಾತುಕತೆ ಅಂತ ಬರೆದಿರಿ. ಎಲ್ಲ ಸುಮ್ನೆ ಹರಟೆ. ನಾಲ್ಕು ಜನರನ್ನು ಜೈಲಿಗೆ ಹಾಕಿ, ತಾನೇ ನಿಲ್ಲುತ್ತೆ. ಅಷ್ಟಕ್ಕೂ ಮುಂಬೈ ಕನ್ನಡಿಗರಿಗೆ ಇದೇಕೆ?’ ಎಂದು ಕೇಳಿದ್ದಾರೆ.

ಕಾನೂನು ಬೇಕು ಸ್ವಾಮಿ, ಬೇಡ ಅಂದವರು ಯಾರು? ಖತ್ನಾ ನಿಷೇಧಿಸಿ ಅಂತ 2017ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. 2018ರಲ್ಲಿ ದೊಡ್ಡ ಪೀಠಕ್ಕೆ ದಾಟಿತು. ಆಮೇಲೆ ಎಷ್ಟು ಹುಡುಗಿಯರಿಗೆ ಏಳು ತುಂಬಿತೋ! ಖತ್ನಾ ಮಾಡಿಸುವುದು ಹೆಚ್ಚಾಗಿ ಆ ವಯಸ್ಸಿಗೇ.

ಚಾಕಲೇಟ್ ಕೊಡಿಸ್ತೀನಿ ಬಾ ಅಂತ ಮಗುವನ್ನು ಕರೆದೊಯ್ಯುವವಳು ಅನೇಕ ಸಲ ಅಜ್ಜಿಯೇ. ಅವಳ ಮೇಲೆ ಮೊಮ್ಮಗಳು ಪೊಲೀಸರಿಗೆ ದೂರು ಕೊಡ್ತಾಳಾ?

ಭೇಂಡಿ ಬಜಾರಿನ ಬೋಹ್ರಾ ಮನೆಯೊಂದರಲ್ಲಿ ನಾನೊಮ್ಮೆ ಉಂಡಿದ್ದೇನೆ. ಎಲ್ಲರೂ ಒಟ್ಟಿಗೆ ಉಣ್ಣುವ ದೊಡ್ಡ ತಟ್ಟೆ ‘ಥಾಲ್’, ಸುತ್ತ ಎಂಟು ಹೆಂಗಸರು. ಮೊದಲು ನಾಲಿಗೆಗೆ ಒಂದು ಚಿಟಿಕೆ ಉಪ್ಪು, ಆಮೇಲೆ ಊಟ. ಒಬ್ಬರ ಮೊಣಕಾಲು ಇನ್ನೊಬ್ಬರಿಗೆ ತಾಗುತ್ತಿತ್ತು. ಹಾಗೆ ಕೂತಾಗ ಸುಳ್ಳು ಹೇಳುವುದು ಕಷ್ಟ. ಖತ್ನಾ ವಿರುದ್ಧ ಕೆಲಸ ಮಾಡುವ ಮುಂಬೈಯ ‘ಸಹಿಯೋ’ ಬಳಗದವರಿಗೆ ಇದು ಗೊತ್ತು. ಅವರ ‘ಥಾಲ್ ಪೇ ಚರ್ಚಾ’ದಲ್ಲಿ ಉಣ್ಣುತ್ತಾ ಉಣ್ಣುತ್ತಾ ಈ ಮಾತು ಹೊರಬರುತ್ತೆ. ನಿಮ್ಮ ಭಾಷೆಯಲ್ಲಿ ಹರಟೆ!

ಸೆನೆಗಲ್‌ನ ಮಾಲಿಕುಂಡ ಬಂಬಾರಾ ಊರಿನ ಹೆಂಗಸರು 1997ರಲ್ಲಿ ಕತ್ತರಿಸುವುದನ್ನು ಬಿಟ್ಟೆವು ಎಂದು ಸಾರಿದರು. ಅದಕ್ಕೂ ಮೊದಲು ‘ಟೋಸ್ಟಾನ್’ ಎಂಬ ಸಂಸ್ಥೆಯ ತರಗತಿಗಳಲ್ಲಿ ಕೂತು ಓದು, ಬರಹ, ಆರೋಗ್ಯ ಕಲಿತಿದ್ದರು. ಅಲ್ಲಿ ಕಾನೂನು ಬಂದದ್ದು 1999ರಲ್ಲಿ.

ಇನ್ನು, ‘ನಮಗೇಕೆ’ ಅಂದಿರಲ್ಲ. ದೇವದಾಸಿ ಪದ್ಧತಿಗೆ ಮುಂಬೈ ಪ್ರಾಂತ್ಯದಲ್ಲಿ 1934ರಲ್ಲೇ ತಡೆ ಬಿತ್ತು. ಬೆಳಗಾವಿಯೂ ಆಗ ಅದೇ ಪ್ರಾಂತ್ಯ. ಕರ್ನಾಟಕ ಮತ್ತೆ 1982ರಲ್ಲಿ ಕಾನೂನು ಮಾಡಬೇಕಾಯಿತು. ಮುಂಬೈಯ ವೇಶ್ಯಾವಾಟಿಕೆ ಕಾಮಾಠಿಪುರದ ಗಲ್ಲಿಗಳಲ್ಲಿ ಉತ್ತರ ಕರ್ನಾಟಕದ ಕನ್ನಡ ಕೇಳಿಸುತ್ತಿದ್ದದ್ದು ಯಾಕೆ ಅಂತ ಯೋಚಿಸಿದ್ದೀರಾ? ಆ ಹುಡುಗಿಯರಿಗೆ ಮುತ್ತು ಕಟ್ಟಿಸಿ ದೇವದಾಸಿ ಮಾಡಿದ್ದೂ ಮನೆಯವರೇ, ಅಲ್ವಾ?

ನಮ್ಮ ಸಂಘಗಳಿಗೆ ಇಂಥ ಮಾತು ಅಂದರೆ ಅಲರ್ಜಿ. ಶಾಲು, ಹಾರ, ಮೂವರು ಅಧ್ಯಕ್ಷರ ಭಾಷಣಕ್ಕೆ ಮಾತ್ರ ಸಮಯ ಜಾಸ್ತಿ. ಹೋದ ವರ್ಷ ಒಂದು ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿದ್ದೆ. ವೇದಿಕೆ ಬೇಡ, ಮೈಕ್ ಬೇಡ, ಒಂದು ಜಮಖಾನೆ ಕೊಡಿ, ಹೆಂಗಸರು ಸುತ್ತ ಕೂತು ಮಾತಾಡ್ತೇವೆ ಅಂದೆ. ‘ಮುಖ್ಯ ಅತಿಥಿ ಯಾರು?’ ಎಂದು ಕೇಳಿದರು.