ಮಿಡಿ ಮೆತ್ತಗಾದದ್ದೇಕೆ?

ಶಿರಸಿ ಪೇಟೆಯಿಂದ 200 ಅಪ್ಪೆಮಿಡಿ, ಅಂದರೆ ಪರಿಮಳದ ಎಳೆ ಮಾವಿನಕಾಯಿ, ತರಿಸಿ ಉಪ್ಪಿನಕಾಯಿ ಹಾಕಿದಿರಿ. ದೀಪಾವಳಿಯ ಹೊತ್ತಿಗೆ ಮಿಡಿ ಮೆತ್ತಗಾಗಿ, ಮೇಲೆ ಬೂಸಲು ಕಟ್ಟಿತು. ಅಜ್ಜಿಯ ಭರಣಿಯಲ್ಲಿ ಎರಡು ವರ್ಷವಾದರೂ ಕೆಡುತ್ತಿರಲಿಲ್ಲ, ಎಣ್ಣೆ ಕಡಿಮೆಯಾಯಿತೇ ಎಂದು ಕೇಳಿದ್ದೀರಿ. ಎಣ್ಣೆಯ ತಪ್ಪಲ್ಲ. ಮಲೆನಾಡಿನ ಮಿಡಿ ಉಪ್ಪಿನಕಾಯಿ ಉಳಿಯುವುದೇ ಉಪ್ಪುನೀರಿನ ಬಲದಿಂದ.

ಮೆತ್ತಗಾಗುವ ಮಿಡಿ ಬಹುಪಾಲು ಮರದ ಬುಡದಲ್ಲೇ ಕೆಟ್ಟಿರುತ್ತದೆ. ಹೊಳೆದಂಡೆಯ ಎತ್ತರದ ಮರದಿಂದ ಉದುರಿಸಿದ ಮಿಡಿಗೆ ಒಳಪೆಟ್ಟು ಬಿದ್ದಿರುತ್ತದೆ, ಹೊರಗೆ ಕಾಣದು. ತೊಟ್ಟು ಕಿತ್ತುಬಂದಿದ್ದರೆ ಸೊನೆ ಸೋರಿಹೋಗುತ್ತದೆ. ಅಪ್ಪೆಯ ಪರಿಮಳವೆಲ್ಲ ಇರುವುದು ಆ ಸೊನೆಯಲ್ಲಿ. ಕೊಳ್ಳುವಾಗ ಅರ್ಧ ಇಂಚಾದರೂ ತೊಟ್ಟಿರಲಿ. ಒಂದನ್ನು ಕೊಯ್ದು ನೋಡಿ, ಗೊರಟು ಗಟ್ಟಿಯಾಗಿದ್ದರೆ ಬೇಡ.

ತೊಳೆದ ಮಿಡಿಯನ್ನು ನೆರಳಲ್ಲಿ ಹರಡಿ, ನೀರಿನ ಪಸೆ ಪೂರ್ತಿ ಆರಲಿ. ಕಿಲೋ ಮಿಡಿಗೆ 250 ಗ್ರಾಂ ಕಲ್ಲುಪ್ಪು, ತೂಗಿಯೇ ಹಾಕಿ. ಪಾವಿನಲ್ಲಿ ಅಳೆದರೆ ಹರಳಿನ ನಡುವಿನ ಸಂದು ಲೆಕ್ಕ ತಪ್ಪಿಸುತ್ತದೆ. ಮಿಡಿ, ಉಪ್ಪು ಪದರ ಪದರವಾಗಿ ತುಂಬಿ ದಿನಕ್ಕೊಮ್ಮೆ ಭರಣಿ ಕುಲುಕಿ. 10–15 ದಿನಕ್ಕೆ ಮಿಡಿ ನೀರು ಬಿಟ್ಟು ಸುಕ್ಕುಗಟ್ಟುತ್ತದೆ. ಸುಕ್ಕಾಗದಿದ್ದರೆ ಒಳಗೆ ಉಪ್ಪು ಇಳಿದಿಲ್ಲ, ಇನ್ನಷ್ಟು ದಿನ ಬಿಡಿ. ಈ ಹಂತದಲ್ಲಿ ಅವಸರ ಮಾಡಿದರೆ ಒಳ್ಳೆಯ ಮಿಡಿಯೂ ಕೆಡುತ್ತದೆ.

ಆಮೇಲೆ ಆ ಉಪ್ಪುನೀರನ್ನು ಸೋಸಿ, ಕುದಿಸಿ, ಪೂರ್ತಿ ತಣಿಸಿ. ಕಿಲೋ ಮಿಡಿಗೆ 100 ಗ್ರಾಂ ಸಾಸಿವೆ, ಬೆಚ್ಚಗೆ ಹುರಿದ 150 ಗ್ರಾಂ ಬ್ಯಾಡಗಿ ಮೆಣಸಿನಕಾಯಿ, ಒಂದಿಷ್ಟು ಅರಿಶಿನವನ್ನು ಅದೇ ನೀರಿನಲ್ಲಿ ಅರೆದು ಮಿಡಿಗೆ ಬೆರೆಸಿ. ರಸ ಬಿಸಿಯಿದ್ದಾಗಲೇ ಸುರಿದರೆ ಮಿಡಿ ಬೆಂದುಹೋಗುತ್ತದೆ. ಬೂಸಲು ಹತ್ತುವುದು ರಸದಿಂದ ಮೇಲೆದ್ದ ಮಿಡಿಗೆ. ಆದ್ದರಿಂದ ಮಿಡಿಯ ಮೇಲೆ ಒಂದಿಂಚು ರಸ ನಿಲ್ಲಬೇಕು. ಮಿಡಿ ತೇಲಿದರೆ ಪಿಂಗಾಣಿ ತಟ್ಟೆ ಹೇರಿ. ಒದ್ದೆ ಸೌಟು ಬೇಡವೇ ಬೇಡ.

ನೀವು ಕೇಳದ ಒಂದು ಮಾತನ್ನೂ ಹೇಳಬೇಕು. ಅಘನಾಶಿನಿ, ಶರಾವತಿ ದಂಡೆಗಳಲ್ಲಿ ಮಿಡಿಗಾಗಿ ಕೊಂಬೆಯನ್ನೇ ಕಡಿಯುವವರಿದ್ದಾರೆ. ಕಡಿದ ಮರ ಮುಂದಿನ ವರ್ಷ ಏನು ಬಿಟ್ಟೀತು? ಮಿಡಿಯೆಲ್ಲ ಪೇಟೆಗೆ ಹೋದರೆ ಹಣ್ಣಾಗಿ ಬೀಳುವುದೂ ಇಲ್ಲ, ದಂಡೆಯಲ್ಲಿ ಹೊಸ ಸಸಿ ಏಳುವುದೂ ಇಲ್ಲ. ಗೊರಟು ನೆಟ್ಟರೆ ತಾಯಿಮರದ ಗುಣವೇ ಬರುತ್ತದೆಂಬ ಭರವಸೆಯಿಲ್ಲದ್ದರಿಂದ ಅನಂತಭಟ್ಟನ ಅಪ್ಪೆಯಂಥ ಹೆಸರಾದ ತಳಿಗಳು ಉಳಿಯಬೇಕಾದರೆ ಕಸಿಯೇ ದಾರಿ. ಊರಿನ ತೋಟದಂಚಿನಲ್ಲಿ ಜಾಗವಿದ್ದರೆ ಮಳೆ ಹಿಡಿಯುತ್ತಿದ್ದಂತೆ ಎರಡು ಕಸಿ ಗಿಡ ನೆಡಿಸಿ. ಅಲ್ಲಿಯವರೆಗೆ, ಮರ ಹತ್ತಿ ಕೊಯ್ದ ಮಿಡಿಗೆ ನಾಲ್ಕು ಕಾಸು ಹೆಚ್ಚಾದರೂ ಅದನ್ನೇ ಕೊಳ್ಳಿ.

— ಸಂ.