ಗಾಲಿ ಬಿಸಿಯಾಗ್ತದೆ ಅಂತ ಕ್ಯಾಲಿಪರ್ ಬದಲಿಸುವ ಮುನ್ನ

ಕಬ್ಬಿನ ಹಂಗಾಮು ಹತ್ತಿರ ಬಂದಂತೆ ಪಿಕಪ್ ಗಾಡಿಗಳ ಪತ್ರ ಹೆಚ್ಚುತ್ತವೆ. ಈ ಸಲದ ಐದೂ ಪತ್ರಗಳು ಮುಂದಿನ ಡಿಸ್ಕ್ ಬ್ರೇಕಿಗೆ ಸಂಬಂಧಪಟ್ಟವು. ಹಾಗಾಗಿ ಒಂದೇ ಕಡೆ ಉತ್ತರಿಸಿದ್ದೇವೆ. ಗಾಲಿಯ ಜೊತೆ ತಿರುಗುವ ಡಿಸ್ಕನ್ನು ಎರಡು ಪ್ಯಾಡ್‌ಗಳ ನಡುವೆ ಅಮುಕಿ ಹಿಡಿಯುವ ಭಾಗವೇ ಕ್ಯಾಲಿಪರ್.

ನಮ್ಮ ಪಿಕಪ್ಪಿನ ಎಡಗಡೆ ಮುಂದಿನ ಗಾಲಿ ಕೈ ಇಡಲಾರದಷ್ಟು ಬಿಸಿ ಆಗತೈತಿ. ಬಿಚ್ಚಿ ನೋಡಿದ್ರ ಒಳಗಿನ ಪ್ಯಾಡ್ ತಗಡಿನ ತನಕ ಸವದೈತಿ, ಹೊರಗಿಂದು ಹೊಸಾದರಂಗ ಐತಿ. ಗ್ಯಾರೇಜಿನವರು ಕ್ಯಾಲಿಪರ್ರೇ ಹೊಸಾದು ಹಾಕಸ್ರಿ ಅಂತಾರ. ಹಾಕಸಲೇಬೇಕೇನ್ರಿ? — ಮುಧೋಳದ ಓದುಗರು

ಇಷ್ಟನ್ನೇ ನೋಡಿ ಹಾಕಿಸಬೇಡಿ. ನಿಮ್ಮ ಗಾಡಿಯಂಥವುಗಳಲ್ಲಿ ಪಿಸ್ಟನ್ ಒಳಬದಿಯಲ್ಲಿ ಮಾತ್ರ ಇರುತ್ತದೆ. ಅದು ಮೊದಲು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆಮೇಲೆ ಇಡೀ ಕ್ಯಾಲಿಪರ್ ಎರಡು ಗೈಡ್ ಪಿನ್‌ಗಳ ಮೇಲೆ ಸರಿದು ಹೊರಗಿನ ಪ್ಯಾಡನ್ನು ಎಳೆದುಕೊಳ್ಳುತ್ತದೆ. ಪಿನ್ ಜಾಮ್ ಆದರೆ ಕ್ಯಾಲಿಪರ್ ಸರಿಯುವುದಿಲ್ಲ, ಒಳಗಿನ ಪ್ಯಾಡ್ ಒಂದೇ ಕೆಲಸ ಮಾಡಿ ಸವೆಯುತ್ತದೆ. ಪಿಸ್ಟನ್ ಹಿಂದಕ್ಕೆ ಬಾರದೆ ಹಿಡಿದುಕೊಂಡರೂ ಲಕ್ಷಣ ಇದೇ. ಒಂದೇ ಪ್ಯಾಡ್ ಮೇಲೆ ದಪ್ಪ ಕೆಳಗೆ ತೆಳು ಎಂಬಂತೆ ಓರೆಯಾಗಿ ಸವೆದಿದ್ದರೆ ಎರಡರಲ್ಲಿ ಒಂದೇ ಪಿನ್ ಹಿಡಿದಿದೆ ಎಂದು ತಿಳಿಯಿರಿ.

ಬಿಚ್ಚುವ ಮೊದಲು ಖರ್ಚಿಲ್ಲದ ಪರೀಕ್ಷೆ ಒಂದಿದೆ. ಗಾಡಿ ಓಡಿಸಿ ಗಾಲಿ ಹಿಡಿದುಕೊಂಡಿರುವಾಗಲೇ ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಸ್ಟ್ಯಾಂಡ್ ಮೇಲೆ ಕೂರಿಸಿ. ಗಾಲಿ ತಿರುಗಿಸಿ ನೋಡಿ, ಬಿಗಿಯಾಗಿರುತ್ತದೆ. ಈಗ ಕ್ಯಾಲಿಪರಿನ ಏರ್ ತೆಗೆಯುವ ನಿಪ್ಪಲ್‌ಗೆ ಪೈಪ್ ಸಿಕ್ಕಿಸಿ, ಅದರ ಇನ್ನೊಂದು ತುದಿ ಬಾಟಲಿಗೆ ಬಿಟ್ಟು, ನಿಪ್ಪಲ್ ಅರ್ಧ ಸುತ್ತು ಸಡಿಲಿಸಿ. ಆಯಿಲ್ ಪಿಚಕ್ಕನೆ ಚಿಮ್ಮಿ ಗಾಲಿ ತಟ್ಟನೆ ಸಡಿಲವಾದರೆ ಕ್ಯಾಲಿಪರಿನ ತಪ್ಪಿಲ್ಲ, ಒತ್ತಡ ಒಳಗೇ ಸಿಕ್ಕಿಕೊಂಡಿತ್ತು. ಒಂದೇ ಗಾಲಿ ಹೀಗಿದ್ದರೆ ರಬ್ಬರ್ ಹೋಸ್ ಒಳಗೆ ಊದಿಕೊಂಡಿದೆ: ಕಾಲಿನ ಒತ್ತಡಕ್ಕೆ ಆಯಿಲ್ ಒಳಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಹೊರಗಿನಿಂದ ಹೋಸ್ ಚೆನ್ನಾಗಿಯೇ ಕಾಣುತ್ತದೆ, ಮೋಸ ಅಲ್ಲೇ ಇದೆ. ಎರಡೂ ಮುಂದಿನ ಗಾಲಿ ಹೀಗೆ ಮಾಡಿದರೆ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಮತ್ತು ಪೆಡಲ್ಲಿನ ಫ್ರೀ ಪ್ಲೇ (ಒತ್ತಡ ಶುರುವಾಗುವ ಮೊದಲಿನ ಸಡಿಲ) ನೋಡಿಸಿ. ನಿಪ್ಪಲ್ ಬಿಟ್ಟರೂ ಗಾಲಿ ಬಿಗಿಯಾಗಿಯೇ ಇದ್ದರೆ ಪಿನ್ ಅಥವಾ ಪಿಸ್ಟನ್.

ಕ್ಯಾಲಿಪರ್ ಬಿಚ್ಚಿದ ಮೇಲೆ ಪಿನ್‌ಗಳನ್ನು ಬೆರಳಲ್ಲಿ ಹಿಡಿದು ಎಳೆಯಿರಿ, ತಿರುಗಿಸಿ. ಬರಿಗೈಯಲ್ಲಿ ನಯವಾಗಿ ಸರಿಯಬೇಕು. ಇಕ್ಕಳ ಬೇಕಾಯಿತೆಂದರೆ ರೋಗ ಅಲ್ಲೇ ಇದೆ. ಸಾಮಾನ್ಯವಾಗಿ ಪಿನ್ನಿನ ಬೂಟ್ (ರಬ್ಬರ್ ಮುಸುಕು) ಹರಿದು, ಎರೆಮಣ್ಣಿನ ರಾಡಿ ಒಳಗೆ ಹೋಗಿ, ಒಣಗಿ ಕುಳಿತಿರುತ್ತದೆ. ಪಿನ್ ಸರಿಯಿದ್ದರೆ ಹಳೆಯ ಪ್ಯಾಡನ್ನು ಪಿಸ್ಟನ್ ಮೇಲಿಟ್ಟು ಕ್ಲಾಂಪಿನಿಂದ ನಿಧಾನವಾಗಿ ಒಳಗೆ ಒತ್ತಿ. ನಿಪ್ಪಲ್ ತೆರೆದೇ ಇರಲಿ, ಕ್ಯಾಲಿಪರ್ ತಳದ ಹೊಲಸು ಆಯಿಲ್ ಮಾಸ್ಟರ್ ಸಿಲಿಂಡರಿಗೆ ಹಿಂದೆ ಹೋಗದೆ ಬಾಟಲಿಗೆ ಬೀಳುತ್ತದೆ. ಪಿಸ್ಟನ್ ಸಮನಾಗಿ ಇಳಿದರೆ ಅದು ಸರಿಯಿದೆ. ಇಳಿಯದಿದ್ದರೆ ಕಿಟ್, ಅಂದರೆ ಪಿಸ್ಟನ್ನಿನ ಹೊಸ ರಬ್ಬರ್ ಸೀಲ್ ಮತ್ತು ಬೂಟ್, ಹಾಕಬೇಕು.

ಹೊಸ ಕ್ಯಾಲಿಪರ್ ಬೇಕಾಗುವುದು ನಿಪ್ಪಲ್ ಒಳಗೇ ಮುರಿದಾಗ, ಸೀಲ್ ಕೂರುವ ಗ್ರೂವ್ ತುಕ್ಕಿನಿಂದ ತಿಂದುಹೋದಾಗ, ಇಲ್ಲವೇ ಬಾಡಿ ಬಿರುಕು ಬಿಟ್ಟಾಗ. ಪ್ಯಾಡ್ ಮಾತ್ರ ಎಡಬಲ ಎರಡೂ ಕಡೆ ಒಟ್ಟಿಗೇ ಬದಲಿಸಿ. ತಗಡು ಡಿಸ್ಕಿಗೆ ತಾಗಿದ್ದರೆ ಡಿಸ್ಕ್ ದಪ್ಪವನ್ನೂ ಅಳೆಸಿ. ಕನಿಷ್ಠ ದಪ್ಪವನ್ನು ಬಹುತೇಕ ಡಿಸ್ಕ್‌ಗಳ ಮೇಲೇ ಕೊರೆದಿರುತ್ತಾರೆ.

ಕಿಟ್ ತಂದಿಟ್ಟಿದ್ದೇನೆ. ಪಿಸ್ಟನ್ ಹೊರಗೆ ತೆಗೆಯುವುದು ಹೇಗೆ? ಯಾವ ಗ್ರೀಸ್ ಹಾಕಬೇಕು? — ಇಂಡಿ ಊರಿನ ಓದುಗರು

ಕಂಪ್ರೆಸರ್ ಗಾಳಿಗಿಂತ ಬ್ರೇಕ್ ಪೆಡಲ್ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಹೋಸ್ ಬಿಚ್ಚದೆ, ಕ್ಯಾಲಿಪರನ್ನು ಮಾತ್ರ ಕಳಚಿ, ತಂತಿಯಿಂದ ಸ್ಪ್ರಿಂಗಿಗೋ ಚಾಸಿಗೋ ಕಟ್ಟಿ. ಹೋಸಿನಲ್ಲೇ ಜೋತುಬಿಡಬಾರದು. ಪಿಸ್ಟನ್ ಎದುರು ಮರದ ತುಂಡು ಇಟ್ಟು ಒಬ್ಬರು ಪೆಡಲ್ ನಿಧಾನವಾಗಿ ಒತ್ತಲಿ, ಪಿಸ್ಟನ್ ತಾನೇ ಹೊರಬರುತ್ತದೆ. ಎರಡು ಪಿಸ್ಟನ್ ಇದ್ದರೆ ಸುಲಭವಾಗಿ ಬರುವುದನ್ನು ಕ್ಲಾಂಪಿನಿಂದ ತಡೆದು, ಹಿಡಿದಿರುವುದನ್ನು ಮೊದಲು ಸಡಿಲಿಸಿ. ಗಾಳಿಯೇ ಗತಿ ಎಂದಾದರೆ ಅತಿ ಕಡಿಮೆ ಒತ್ತಡದಲ್ಲಿ ಬಿಟ್ಟು ಬಿಟ್ಟು ಕೊಡಿ. ಎದುರು ಬೆರಳು ಇಡಲೇಬೇಡಿ, ಪಿಸ್ಟನ್ ಗುಂಡಿನಂತೆ ಹಾರುತ್ತದೆ.

ಹಳೆಯ ಸೀಲನ್ನು ಸ್ಕ್ರೂಡ್ರೈವರ್ ಚುಚ್ಚಿ ಎಬ್ಬಿಸಿದರೆ ಗ್ರೂವ್ ಗೀರುತ್ತದೆ. ಬಿದಿರಿನ ಕಡ್ಡಿ ಸಾಕು. ಈ ಚೌಕಾಕಾರದ ಸೀಲ್ ಆಯಿಲ್ ತಡೆಯುವುದಷ್ಟೇ ಅಲ್ಲ, ಬ್ರೇಕ್ ಬಿಟ್ಟಾಗ ತಿರುಚಿಕೊಂಡ ತಾನು ನೆಟ್ಟಗಾಗುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ. ಸೀಲ್ ಗಟ್ಟಿಯಾದ ಗಾಡಿಯಲ್ಲಿ ಪ್ಯಾಡ್ ಡಿಸ್ಕನ್ನು ಬಿಡದಿರುವುದು ಇದರಿಂದಲೇ. ಪಿಸ್ಟನ್ ಮೈಮೇಲಿನ ಕ್ರೋಮ್ ಎದ್ದು ಉಗುರಿಗೆ ಸಿಗುವಂಥ ಕುಳಿ ಬಿದ್ದಿದ್ದರೆ ಎಮರಿ ಪೇಪರ್ ಉಜ್ಜಿ ಪ್ರಯೋಜನವಿಲ್ಲ. ಹೊಸ ಪಿಸ್ಟನ್ ಹಾಕಿ.

ತೊಳೆಯಲು ಬ್ರೇಕ್ ಕ್ಲೀನರ್ ಅಥವಾ ಹೊಸ ಬ್ರೇಕ್ ಆಯಿಲ್. ಎಲ್ಲ ಬಿಡಿಭಾಗಗಳನ್ನೂ ಡೀಸೆಲ್ ಟ್ರೇಗೆ ಹಾಕುವ ರೂಢಿ ಇಲ್ಲಿ ನಡೆಯದು. ಡೀಸೆಲ್, ಪೆಟ್ರೋಲ್, ಸೀಮೆಎಣ್ಣೆ ತಾಗಿದರೆ ಈ ರಬ್ಬರ್ ಊದುತ್ತದೆ. ಬೇರಿಂಗ್ ಗ್ರೀಸಿನ ಕಥೆಯೂ ಅದೇ: ಪಿನ್ನಿಗೆ ಹಚ್ಚಿದರೆ ಕೆಲ ತಿಂಗಳಲ್ಲಿ ಬೂಟ್ ಊದಿ ಪಿನ್ ಮತ್ತೆ ಹಿಡಿಯುತ್ತದೆ. ಪಿನ್ನಿಗೆ ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿ. ತೂತಿನ ತುಂಬ ತುರುಕಿದರೆ ಗಾಳಿ ಸಿಕ್ಕಿಕೊಂಡು ಪಿನ್ ಹೊರಕ್ಕೆ ತಳ್ಳಿಸಿಕೊಳ್ಳುತ್ತದೆ. ಕೆಲವು ಗಾಡಿಗಳಲ್ಲಿ ಒಂದು ಪಿನ್ನಿನ ತುದಿಗೆ ರಬ್ಬರ್ ತೊಡಿಸಿರುತ್ತದೆ. ಅದು ಮೇಲಿತ್ತೋ ಕೆಳಗಿತ್ತೋ ಗುರುತಿಟ್ಟು ಅಲ್ಲಿಗೇ ಹಾಕಿ.

ಸೀಲ್ ಮತ್ತು ಪಿಸ್ಟನ್ನಿಗೆ ಹೊಸ ಬ್ರೇಕ್ ಆಯಿಲ್ ಸವರಿ ಕೈಯಿಂದಲೇ ಒತ್ತಿ. ಸುತ್ತಿಗೆ ಬೇಕೆನಿಸಿದರೆ ಸೀಲ್ ತಿರುಚಿದೆ, ಹೊರತೆಗೆದು ಮತ್ತೆ ಕೂರಿಸಿ. ಪಿಸ್ಟನ್ ಹೊರಬಂದ ಮೇಲೆ ಕಳಚಿದ ಹೋಸನ್ನು ಬೋಲ್ಟಿನಿಂದ ಮತ್ತೆ ಕಟ್ಟುವಾಗ ಎರಡೂ ತಾಮ್ರದ ವಾಷರ್ ಹೊಸವೇ ಇರಲಿ. ಏರ್ (ಆಯಿಲಿನಲ್ಲಿ ಸೇರಿದ ಗಾಳಿ) ತೆಗೆದು, ಗಾಡಿ ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವ ತನಕ ಒತ್ತುವುದನ್ನು ಮರೆಯಬೇಡಿ, ಮೊದಲ ಒತ್ತಿಗೆ ಬ್ರೇಕ್ ಇರುವುದಿಲ್ಲ.

ಎರಡೂ ಕ್ಯಾಲಿಪರ್ ಹೊಸವು ಹಾಕಿಸಿದೆ. ಎಷ್ಟು ಸಲ ಏರ್ ತೆಗೆದರೂ ಪೆಡಲ್ ಸ್ಪಂಜಿನಂತೆ ಒಳಗೆ ಹೋಗುತ್ತದೆ. — ಬಾಗಲಕೋಟೆಯ ಓದುಗರು

ಗಾಡಿಯ ಮುಂದೆ ಕೂತು ನಿಪ್ಪಲ್ ಎಲ್ಲಿದೆ ನೋಡಿ. ಕ್ಯಾಲಿಪರಿನ ಕೆಳಭಾಗದಲ್ಲಿದ್ದರೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗಿದೆ. ಬೋಲ್ಟುಗಳು ಎರಡೂ ಕಡೆ ಕೂರುವುದರಿಂದ ಅನುಮಾನ ಬರುವುದಿಲ್ಲ, ಗಾಳಿ ಮಾತ್ರ ಮೇಲೆ ಕುಳಿತು ಕೆಳಗಿನ ನಿಪ್ಪಲ್‌ಗೆ ಎಂದೂ ಬರುವುದಿಲ್ಲ.

ಜಾಗ ಸರಿಯಿದ್ದರೆ ಹಿಂದಿನ ಡ್ರಮ್ ಬ್ರೇಕಿನ ಸಾಲು ನೋಡಿ. ಅನೇಕ ಪಿಕಪ್‌ಗಳಲ್ಲಿ ಹೇರಿನ ಭಾರಕ್ಕೆ ತಕ್ಕಂತೆ ಹಿಂದಿನ ಬ್ರೇಕ್ ಒತ್ತಡ ಹೆಚ್ಚು ಕಡಿಮೆ ಮಾಡುವ ವಾಲ್ವ್ ಇರುತ್ತದೆ, ಅದರ ಸರಳು ಹಿಂದಿನ ಆಕ್ಸಲ್‌ಗೆ ಜೋಡಿಸಿರುತ್ತದೆ. ಚಾಸಿ ಎತ್ತಿ ಆಕ್ಸಲ್ ಜೋತಾಡುವಾಗ ವಾಲ್ವ್ ಗಾಡಿ ಖಾಲಿ ಎಂದೇ ಲೆಕ್ಕ ಹಾಕಿ ಒತ್ತಡ ತಡೆಯುತ್ತದೆ. ಹಿಂದಿನ ಏರ್ ತೆಗೆಯುವಾಗ ಗಾಲಿಗಳು ನೆಲದ ಮೇಲೇ ಇರಲಿ. ಮಾಸ್ಟರ್ ಸಿಲಿಂಡರ್ ಬಲಬದಿಯಲ್ಲಿರುವ ನಮ್ಮ ಗಾಡಿಗಳಲ್ಲಿ ಸಾಮಾನ್ಯ ಕ್ರಮ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ನಿಮ್ಮ ಗಾಡಿಯ ಪುಸ್ತಕ ಬೇರೆ ಕ್ರಮ ಹೇಳಿದರೆ ಅದನ್ನೇ ಅನುಸರಿಸಿ.

ಕಾಯಿಪಲ್ಲೆ ಹೇರಿಕೊಂಡು ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುತ್ತೇನೆ. ಇಳಿಜಾರಿನ ಕೊನೆಗೆ ಪೆಡಲ್ ತಳಕ್ಕೆ ಹೋಗುತ್ತದೆ, ತಣ್ಣಗಾದ ಮೇಲೆ ಸರಿಯಾಗುತ್ತದೆ. — ಖಾನಾಪುರದ ಓದುಗರು

ಆಯಿಲ್ ಕುದಿಯುತ್ತಿದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಹೀರಿದಷ್ಟೂ ಬೇಗ ಕುದಿಯುತ್ತದೆ. ಬ್ರೇಕ್ ಆಯಿಲಿನ ದರ್ಜೆಗಳಲ್ಲಿ ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ, ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ತಡೆಯಬೇಕೆಂಬುದು ನಿಯಮ. ತೇವ ಹಿಡಿದ ಮೇಲೆ ಆ ಮಿತಿ 140 ಮತ್ತು 155ಕ್ಕೆ ಇಳಿಯುತ್ತದೆ. ಖಾನಾಪುರದ ಮಳೆಯಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಒಂದೇ ಆಯಿಲ್ ಇಡಬೇಡಿ. ಗಾಡಿಯ ಮಾಸ್ಟರ್ ಸಿಲಿಂಡರಿನ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ದರ್ಜೆಯನ್ನೇ ಹಾಕಿ, ಸಿಲಿಕೋನಿನ ಡಾಟ್ 5 ಎಂದೂ ಬೆರೆಸಬೇಡಿ. ಜೊತೆಗೆ ಮೇಲೆ ಹೇಳಿದ ಪಿನ್ ಪರೀಕ್ಷೆಯನ್ನೂ ಮಾಡಿಸಿ: ಸದಾ ಉಜ್ಜುವ ಒಂದು ಕ್ಯಾಲಿಪರ್ ಸಾಕು ಆಯಿಲ್ ಕುದಿಸಲು. ಪೆಡಲ್ ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ ಅದು ಬೇರೆ, ಪ್ಯಾಡ್ ಕಾದು ಹಿಡಿತ ಬಿಟ್ಟಿದೆ. ಎರಡಕ್ಕೂ ಒಂದೇ ಮಾತು: ಹತ್ತುವಾಗ ಬೇಕಾಗುವ ಗೇರಿನಲ್ಲೇ ಇಳಿಯಿರಿ, ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವ ಆಸೆ ಬೇಡ.

ಪಿನ್‌ಗಳಿಗೆ ಎಷ್ಟು ದಿನಕ್ಕೊಮ್ಮೆ ಗ್ರೀಸ್ ಮಾಡಿಸಬೇಕು? — ತಾಳಿಕೋಟೆಯ ಓದುಗರು

10,000 ಕಿ.ಮೀ.ಗೊಮ್ಮೆ, ಹೊಲದ ದಾರಿಯಲ್ಲಿ ಹೆಚ್ಚು ಓಡುವ ಗಾಡಿಗೆ ಮಳೆಗಾಲ ಮುಗಿದ ಕೂಡಲೇ ಇನ್ನೊಮ್ಮೆ. ಆಗಲೇ ಪ್ಯಾಡ್ ಅಳೆಯಿರಿ, ತಗಡು ಬಿಟ್ಟು ಡಿಸ್ಕಿಗೆ ಉಜ್ಜುವ ಮಸಾಲೆ 3 ಮಿ.ಮೀ.ಗೆ ಬಂದಿದ್ದರೆ ಹೊಸದು ಹಾಕಿ. ವಾಟರ್ ಸರ್ವಿಸಿನಲ್ಲಿ ಪ್ರೆಶರ್ ನೀರನ್ನು ಹತ್ತಿರದಿಂದ ನೇರ ಬೂಟಿಗೆ ಹಿಡಿಯದಂತೆ ಹೇಳಿ.